ಪಂಚಾಂಗ ನೋಡಿ ಹೊರಟ ಕಡಮತ್ ಪ್ರವಾಸ

ನನ್ನ ಅಜ್ಜ ಮಂಗಳೂರಿನ ಹಳೆಯ ಬಂದರಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಪುತ್ತೂರು, ಬಂಟ್ವಾಳಗಳ ಹೆಸರಿನಷ್ಟೇ ಸಲೀಸಾಗಿ ಅವರ ಬಾಯಲ್ಲಿ ‘ಅಮಿನಿದಿವಿ’ ಎಂಬ ಹೆಸರು ಬರುತ್ತಿತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ, ಇಂದಿನ ಲಕ್ಷದ್ವೀಪದ ಐದು ದ್ವೀಪಗಳ ಆ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅದಕ್ಕೂ ಹಿಂದೆ, 1787ರಲ್ಲಿ, ಅವು ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವುಗಳ ಆಡಳಿತವನ್ನು ಮಂಗಳೂರಿನಿಂದ ನಡೆಸಿತು. ಓಡಂ ಎಂಬ ಹಾಯಿಹಡಗುಗಳು ಅಲ್ಲಿಂದ ತೆಂಗಿನ ನಾರು, ಕೊಬ್ಬರಿ, ಬೆಲ್ಲ ತಂದು ಇಲ್ಲಿಂದ ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. 1956ರ ನವೆಂಬರ್ 1ರಂದು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾದಾಗ ಕಾಗದದ ಮೇಲಿನ ನಂಟು ಮುಗಿಯಿತು. ಅಜ್ಜ ಆ ದ್ವೀಪಗಳನ್ನು ಒಮ್ಮೆಯೂ ನೋಡದೆ ತೀರಿಕೊಂಡರು. ನಾನೂ ಅಕ್ಕನೂ ಕಡಮತ್‌ಗೆ ಹೋಗಬೇಕೆಂದು ನಿಶ್ಚಯಿಸಿದ್ದಕ್ಕೆ ಬೇರೆ ಕಾರಣ ಇರಲಿಲ್ಲ.

ಸಿದ್ಧತೆಗೆ ನಾಲ್ಕು ತಿಂಗಳು ಹಿಡಿಯಿತು. ಲಕ್ಷದ್ವೀಪದವರಲ್ಲದ ಭಾರತೀಯರಿಗೂ ಅಲ್ಲಿ ಕಾಲಿಡಲು ಪ್ರವೇಶ ಪರವಾನಗಿ ಬೇಕು. 1967ರ ನಿಯಮಗಳು ಇಂದಿಗೂ ಆ ಪ್ರವೇಶವನ್ನು ನಿಯಂತ್ರಿಸುತ್ತವೆ. ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆಯ ಪ್ಯಾಕೇಜ್ ಹಿಡಿದು ಹೋಗುವುದು ಒಂದು ದಾರಿ, ದ್ವೀಪವಾಸಿಯೊಬ್ಬರ ಪ್ರಾಯೋಜಕತ್ವ ಪಡೆಯುವುದು ಇನ್ನೊಂದು. ಚಿಕಿತ್ಸೆಗೂ ಓದಿಗೂ ಮಂಗಳೂರಿಗೆ ಬರುವ ದ್ವೀಪದವರು ಇಂದಿಗೂ ಇದ್ದಾರೆ. ಹಾಗೆ ನಮ್ಮ ಬೀದಿಯಲ್ಲಿ ಕೋಣೆ ಹಿಡಿದು ಓದಿದ್ದ ಕಡಮತ್‌ನ ಹುಡುಗಿಯೊಬ್ಬಳ ತಾಯಿ ನಮಗೆ ಪ್ರಾಯೋಜಕರಾಗಲು ಒಪ್ಪಿದರು. ಊರಿನ ಠಾಣೆಯಿಂದ ಪೊಲೀಸ್ ಪ್ರಮಾಣಪತ್ರ, ಗುರುತಿನ ಚೀಟಿ, ಭಾವಚಿತ್ರ, ಅರ್ಜಿ ಎಲ್ಲವೂ ಸೇರಿ ಪರವಾನಗಿ ಕೈಗೆ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಹೋಗಬೇಕೆಂದಿರುವ ದ್ವೀಪಗಳ ಹೆಸರನ್ನು ಅರ್ಜಿಯಲ್ಲೇ ಕಾಣಿಸಬೇಕಾದ್ದರಿಂದ ಕಡಮತ್ ಜೊತೆಗೆ ಅಮಿನಿಯನ್ನೂ ಬರೆದೆವು.

ದಿನ ಗೊತ್ತುಮಾಡಲು ಪಂಚಾಂಗ ತೆಗೆದೆವು. ಮುಂಗಾರಿನ ತಿಂಗಳುಗಳಲ್ಲಿ ಆ ಕಡಲು ಸಣ್ಣ ದೋಣಿಗಳಿಗೆ ತಕ್ಕದ್ದಲ್ಲ. ಜನವರಿಯಿಂದ ಮಾರ್ಚ್‌ವರೆಗೆ ನೀರು ಶಾಂತ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ದಂಡೆಯ ಹವಳದಿಬ್ಬ ಬಯಲಾಗಿ ಅದರ ಮೇಲೆ ನಡೆಯಲು ಸಾಧ್ಯವಾಗುವುದು ಆ ದೊಡ್ಡ ಇಳಿತದಲ್ಲಿ ಮಾತ್ರ. ರಾತ್ರಿಯ ಕತ್ತಲೂ ನಮಗೆ ಬೇಕಾಗಿತ್ತು. ಹಾಗಾಗಿ ಪುಷ್ಯಮಾಸದ ಅಮಾವಾಸ್ಯೆಯನ್ನು ನಡುವಿನಲ್ಲಿಟ್ಟು ಹಿಂದೆ ಮುಂದೆ ದಿನಗಳನ್ನು ಎಣಿಸಿದೆವು. ಹಡಗಿನ ವೇಳಾಪಟ್ಟಿ ಬಹಳ ಮುಂಚಿತವಾಗಿ ಸಿಗದು, ಸಿಕ್ಕ ಮೇಲೂ ಬದಲಾಗಬಹುದು. ಆದ್ದರಿಂದ ಕೊನೆಯಲ್ಲಿ ಎರಡು ದಿನಗಳನ್ನು ಖಾಲಿ ಬಿಟ್ಟು, ಕಚೇರಿಗೆ ಅಷ್ಟೂ ದಿನಗಳ ರಜೆ ಬರೆದುಕೊಟ್ಟೆವು. ಮೂರು ದಿನಗಳಲ್ಲಿ ಮೂರು ದ್ವೀಪ ತೋರಿಸುವ ಪ್ರವಾಸಗಳಿವೆ. ಅವುಗಳಲ್ಲಿ ಹೋಗಿಬಂದವರ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಂಟು ದಿನಗಳ ಬಿಡುವಿಲ್ಲದಿದ್ದರೆ ಈ ಪ್ರವಾಸವನ್ನು ಮುಂದಿನ ವರ್ಷಕ್ಕೆ ಹಾಕುವುದೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ.

ಮೊದಲ ದಿನ

ನಕ್ಷೆಯಲ್ಲಿ ಅಳೆದರೆ ಮಂಗಳೂರಿನಿಂದ ಕಡಮತ್ 300 ಕಿಲೋಮೀಟರಿಗಿಂತ ಕಡಿಮೆ ದೂರ, ಕೊಚ್ಚಿಯಿಂದ 400 ದಾಟುತ್ತದೆ. ಆದರೂ ನಂಬಬಹುದಾದ ಪ್ರಯಾಣಿಕ ಹಡಗು ಕೊಚ್ಚಿಯಿಂದಲೇ ಹೊರಡುವುದರಿಂದ ರಾತ್ರಿಯ ರೈಲಿನಲ್ಲಿ ಎರ್ನಾಕುಲಂಗೆ ಇಳಿದು, ವಿಲ್ಲಿಂಗ್ಡನ್ ದ್ವೀಪದ ಧಕ್ಕೆಗೆ ಹೋದೆವು. ಸರದಿಯಲ್ಲಿ ನಮ್ಮ ಮುಂದಿದ್ದವರಲ್ಲಿ ಹೆಚ್ಚಿನವರು ಆಸ್ಪತ್ರೆಯಿಂದ ಮರಳುತ್ತಿದ್ದ ದ್ವೀಪದವರು. ಒಬ್ಬರ ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಬ್ಬರ ಕಾಲಬಳಿ ಕ್ಯಾರೆಟ್, ಬೀಟ್‌ರೂಟ್‌ಗಳ ಚೀಲ. ಈ ಹಡಗು ಅವರಿಗೆ ನಮ್ಮ ಊರಿನ ಬಸ್ಸಿದ್ದಂತೆ. ರಜೆಗೆಂದು ಹೊರಟ ನಾವು ಅವರ ಬಸ್ಸಿನಲ್ಲಿ ಎರಡು ಸೀಟು ಹಿಡಿದಿದ್ದೇವೆಂಬ ಎಚ್ಚರ ನನಗೆ ಅಲ್ಲಿಯೇ ಮೂಡಿತು, ಕೊನೆಯವರೆಗೂ ಬಿಡಲಿಲ್ಲ.

ಬಂಕ್ ತರಗತಿಯಲ್ಲಿ ಮೇಲುಕೆಳಗಿನ ಹಲಗೆಗಳು. ಕತ್ತಲಾದ ಮೇಲೆ ಮೇಲಟ್ಟಕ್ಕೆ ಹೋದರೆ ಕೊಚ್ಚಿಯ ಬೆಳಕು ಹಿಂದೆ ಒಂದು ಮಸುಕು ಗೆರೆಯಾಗಿ ಉಳಿದಿತ್ತು.

ಎರಡನೆಯ ದಿನ

ಬೆಳಗಿನ ಹೊತ್ತು ಯಾರೋ ಕೈ ತೋರಿಸಿದರು. ಗುಡ್ಡವಿಲ್ಲ, ಬಂಡೆಯಿಲ್ಲ, ನೀರಿನ ಮೇಲೆ ತೆಂಗಿನ ತುದಿಗಳ ಒಂದು ಸಾಲು, ಅಷ್ಟೇ. ದ್ವೀಪ ಉತ್ತರ-ದಕ್ಷಿಣವಾಗಿ 9 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ, ಅತಿ ಅಗಲವಿರುವಲ್ಲಿ ಸುಮಾರು 550 ಮೀಟರ್. ಅಷ್ಟು ನೆಲದ ಮೇಲೆ 2011ರ ಜನಗಣತಿಯ ಪ್ರಕಾರ ಸುಮಾರು 5,400 ಜನ.

ಹಡಗು ಹವಳದಂಡೆಯ ಹೊರಗೆ ಆಳದಲ್ಲಿ ನಿಂತಿತು. ಅದರ ಮಗ್ಗುಲಿಗೆ ದೋಣಿಯೊಂದು ಬಂದು ಅಂಟಿಕೊಂಡು ಏಳುತ್ತ ಇಳಿಯುತ್ತಿತ್ತು. ದೋಣಿ ಮೇಲೆದ್ದ ಕ್ಷಣದಲ್ಲಿ ನಾವಿಕರು ಎರಡೂ ತೋಳು ಹಿಡಿದು ಪ್ರಯಾಣಿಕರನ್ನು ಇಳಿಸುತ್ತಿದ್ದರು. ನನಗಿಂತ ಮುಂದೆ ಒಬ್ಬ ವೃದ್ಧೆಯನ್ನು ಕುರ್ಚಿಸಮೇತ ಎತ್ತಿ ಕೊಟ್ಟರು, ಆಕೆ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಲೇ ಇಲ್ಲ. ದಡದಲ್ಲಿ ಕಾಗದಪತ್ರಗಳನ್ನು ತೋರಿಸಿ ಹೊರಬರುವಾಗ ನಮ್ಮ ಆತಿಥೇಯರು ‘ಬಾ, ಬಾ’ ಎಂದು ಕರೆದರು. ಅವರು ಕನ್ನಡ ಮಾತನಾಡಿದರೆಂದೇ ಅಕ್ಕ ತಿಳಿದಳು. ಅದು ಅವರ ಜೆಸೆರಿ. ದ್ವೀಪ ಎಂಬ ಅರ್ಥದ ಅರಬ್ಬಿ ಪದದಿಂದ ಹೆಸರು ಪಡೆದ ಆ ನುಡಿ ಮಲಯಾಳಕ್ಕೆ ಹತ್ತಿರವಾದರೂ, ಮಲಯಾಳದ ಮೊದಲಕ್ಷರ ‘ವ’ ಅಲ್ಲಿ ‘ಬ’ ಆಗುತ್ತದೆ: ‘ವಾ’ ಎಂಬುದು ‘ಬಾ’, ‘ವೇಲಿ’ ಎಂಬುದು ‘ಬೇಲಿ’. ಬಂದರಿನಲ್ಲಿ ಚಿಕ್ಕಂದಿನಿಂದ ಕಿವಿಗೆ ಬಿದ್ದಿದ್ದ ಬ್ಯಾರಿ ಮಾತೂ ನೆರವಿಗೆ ಬಂದು, ಸಂಜೆಯೊಳಗೆ ಅಡುಗೆಮನೆಯ ಮಾತುಕತೆ ನಡೆಯುವಷ್ಟು ಗ್ರಹಿಕೆ ಸಾಧ್ಯವಾಯಿತು.

ಮೂರನೆಯ ದಿನ

ಬೆಳಿಗ್ಗೆ ನೀರು ಸೇದಲು ಹೋದಾಗ ಬಾವಿಯನ್ನು ಸರಿಯಾಗಿ ನೋಡಿದೆ. ನಮ್ಮ ಕರಾವಳಿಯ ಬಾವಿಗಳ ಆಳವೇ ಇಲ್ಲ; ಬಗ್ಗಿದರೆ ಆಳೆತ್ತರದೊಳಗೆ ನೀರು. ಈ ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆಯ ನೀರು ಹವಳದ ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತ ನಿಲ್ಲುತ್ತದೆ. ಕಡಲ ಮಟ್ಟದಿಂದ ಒಂದು ಅಡಿ ಮೇಲಕ್ಕೆ ಸಿಹಿನೀರು ನಿಂತರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬೇಕೆಂಬುದು ಪುಸ್ತಕದ ಲೆಕ್ಕ. ಹವಳದ ನೆಲ ಜಾಲರಿಯಂತಿರುವುದರಿಂದ ಎರಡೂ ನೀರು ಬೆರೆತು ಆ ಪದರ ಇನ್ನೂ ತೆಳುವಾಗುತ್ತದೆ. ಪಂಪು ಹಚ್ಚಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ.

ಆತಿಥೇಯರು ಒಂದು ಮಾತು ಹೇಳಿದರು: ‘ನಮ್ಮ ಬಾವಿಯೂ ಉಸಿರಾಡುತ್ತದೆ.’ ಅದನ್ನು ನೋಡಿಯೇ ತಿಳಿಯಬೇಕೆಂದು ಒಂದು ಇದ್ದಿಲ ಚೂರು ತೆಗೆದುಕೊಂಡು ಬಾವಿಯ ಒಳಗೋಡೆಯ ಮೇಲೆ ನೀರಿನ ಅಂಚಿಗೆ ಗೆರೆ ಎಳೆದೆ. ಮೂರು ಗಂಟೆಗೊಮ್ಮೆ ಹೋಗಿ ಮತ್ತೊಂದು ಗೆರೆ. ಕಡಲಿನಲ್ಲಿ ಉಬ್ಬರ ಮುಗಿದು ಎಷ್ಟೋ ಹೊತ್ತಾದ ಮೇಲೆ ಬಾವಿಯ ನೀರು ನಾಲ್ಕು ಬೆರಳು ಏರಿತು, ಮತ್ತೆ ಅಷ್ಟೇ ನಿಧಾನವಾಗಿ ಇಳಿಯಿತು. ಹಿತ್ತಿಲ ಬಾವಿಯೊಂದು ಚಂದ್ರನಿಗೆ ಓಗೊಡುವುದನ್ನು ಗೋಡೆಯ ಮೇಲಿನ ಕಪ್ಪು ಗೆರೆಗಳಲ್ಲಿ ಓದಿದ ಆ ದಿನವೇ ನಾವು ಸ್ನಾನಕ್ಕೆ ತಲಾ ಒಂದು ಬಕೆಟ್ ಎಂದು ನಿಯಮ ಮಾಡಿಕೊಂಡೆವು. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರವಿದೆ, ಬೇರೆ ದ್ವೀಪಗಳಿಗೂ ಅಂಥವು ಬಂದಿವೆ. ಆದರೂ ಹೊರಗಿನವನೊಬ್ಬ ಸುರಿದುಕೊಳ್ಳುವ ಪ್ರತಿ ಬಕೆಟ್ ಯಾರದೋ ಪಾಲಿನಿಂದ ಬಂದದ್ದು. ಈ ದ್ವೀಪಗಳಿಗೆ ಎಷ್ಟು ಜನ ಪ್ರವಾಸಿಗಳು ಬರಬೇಕೆಂಬ ಚರ್ಚೆಗೆ ಕುಳಿತವರು ಮೊದಲು ಇಂಥ ಒಂದು ಬಾವಿಯ ಬಳಿ ಒಂದು ಹಗಲು ಕೂರಬೇಕು.

ನಾಲ್ಕನೆಯ ದಿನ

ಪಡುವಣ ಕಡೆಯ ಖಾರಿ, ಎಂದರೆ ಹವಳದಂಡೆಯೊಳಗಿನ ತಿಳಿಗಡಲು, ಇಳಿತದಲ್ಲಿ ಮೊಣಕಾಲುದ್ದಕ್ಕೆ ಬಂದಿತ್ತು. ಅಲ್ಲಿ ಮರಳಿನ ಮೇಲೆ ಕಲ್ಲು ಹೇರಿದ ಸಣ್ಣ ಗುಪ್ಪೆಗಳು ಕಂಡವು. ಆತಿಥೇಯರ ಅತ್ತೆ ಒಂದು ಗುಪ್ಪೆಯ ಕಲ್ಲು ಸರಿಸಿ, ಮರಳು ಬಗೆದು, ಕಪ್ಪಾದ ಸಿಪ್ಪೆಯೊಂದನ್ನು ಎಳೆದು ತೆಗೆದರು. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಹುದುಗಿದ್ದ ತೆಂಗಿನ ಸಿಪ್ಪೆ ಅದು. ಕೊಳೆತ ವಾಸನೆ ಮೂಗಿಗೆ ಬಡಿಯಿತು. ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುತ್ತ ಹೋದಂತೆ ತಿರುಳು ಪುಡಿಯಾಗಿ ಉದುರಿ, ಒಳಗಿನಿಂದ ಹೊಂಬಣ್ಣದ ನಾರು ಹೊರಬಂತು. ಖಾರಿಯ ನೀರಿನಲ್ಲಿ ಎರಡು ಸಲ ಅಲುಬಿದ ಮೇಲೆ ವಾಸನೆಯೂ ಹೋಯಿತು.

ಒಣಗಿದ ನಾರನ್ನು ಅವರು ಎರಡು ಎಳೆಯಾಗಿ ಅಂಗೈಗಳ ನಡುವೆ ಉಜ್ಜುತ್ತ, ತುದಿ ಮುಗಿಯುವ ಮುನ್ನ ಹೊಸ ನಾರು ಸೇರಿಸುತ್ತ ಹುರಿ ಮಾಡುತ್ತಿದ್ದರು. ಸೇರಿಸಿದ ಜಾಗ ಎಲ್ಲಿಯೆಂದು ಕಣ್ಣಿಗೂ ಬೆರಳಿಗೂ ಸಿಗುತ್ತಿರಲಿಲ್ಲ. ನನ್ನ ಕೈಗೆ ಕೊಟ್ಟರು. ನಾನು ಹೊಸೆದ ಒಂದು ಮೊಳ ಹುರಿಯಲ್ಲಿ ಮೂರು ಕಡೆ ಗಂಟು ಎದ್ದಿತು. ಅವರು ಅದನ್ನು ತಾಳ್ಮೆಯಿಂದ ಬಿಚ್ಚಿ ಮತ್ತೆ ಹೊಸೆದರು. ಹಗ್ಗ ಹೊಸೆಯುವುದು ಇಲ್ಲಿ ಮೊದಲಿನಿಂದಲೂ ಹೆಂಗಸರ ಕೆಲಸ, ಮರ ಹತ್ತುವುದೂ ಮೀನಿಗೆ ಹೋಗುವುದೂ ಗಂಡಸರದು. ಕಂಪನಿಯ ಕಾಲದಲ್ಲಿ ಈ ನಾರನ್ನು ಸರ್ಕಾರವೇ ಏಕಸ್ವಾಮ್ಯದಲ್ಲಿ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ನಾರಿನ ಬೆಲೆಯೂ ಅಕ್ಕಿಯ ಅಳತೆಯೂ ಕೊಳ್ಳುವವನ ಕೈಯಲ್ಲೇ ಇದ್ದವು. ಅಜ್ಜನ ಲೆಕ್ಕದ ಪುಸ್ತಕದಲ್ಲಿ ‘ನಾರು’ ಎಂಬ ಎರಡಕ್ಷರದ ಕಲಮಿನ ಹಿಂದೆ ಎಷ್ಟು ಅಂಗೈಗಳು ಸವೆದಿದ್ದವೆಂಬುದು ನನಗೆ ಆ ಮಧ್ಯಾಹ್ನ ತಿಳಿಯಿತು. ಅತ್ತೆಯ ಅಂಗೈ ಮುಟ್ಟಿದರೆ ಹಳೆಯ ಚಪ್ಪಲಿಯ ತೊಗಲಿನಂತಿತ್ತು.

ಐದನೆಯ ದಿನ

ಶುಕ್ರವಾರ. ಗಂಡಸರೆಲ್ಲ ಮಸೀದಿಗೆ ಹೋದರು, ಅಂಗಡಿಗಳು ಮುಚ್ಚಿದವು, ನಾವು ಮನೆಯಲ್ಲೇ ಉಳಿದೆವು. ಬೆಳಿಗ್ಗೆ ತೆಂಗಿನ ಹೊಂಬಾಳೆಯಿಂದ ಇಳಿಸಿದ ‘ಮೀರ’ ಕುಡಿದೆವು. ನಮ್ಮ ನೀರಾಕ್ಕೆ ಅಲ್ಲಿ ಅದೇ ಹೆಸರು. ಉಳಿದದ್ದನ್ನು ಒಲೆಯ ಮೇಲಿಟ್ಟು ಮಧ್ಯಾಹ್ನದವರೆಗೆ ಕಾಯಿಸಿ ಗಟ್ಟಿ ಪಾಕ ಮಾಡಿದರು. ಅಲ್ಲಿ ಚೂರ ಎಂದೂ ನಮ್ಮ ಬಂದರಿನಲ್ಲಿ ಕೇದರ ಎಂದೂ ಕರೆಯುವ ಟ್ಯೂನಾ ಮೀನಿನ ಸಾರು, ಕುಚ್ಚಲಕ್ಕಿ ಅನ್ನ. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ.

ಆರನೆಯ ದಿನ

ಅಮಾವಾಸ್ಯೆ. ಬೆಳಕು ಹರಿಯುವ ಮೊದಲೇ ಆತಿಥೇಯರ ಮಗ ಕಬ್ಬಿಣದ ಕಡ್ಡಿ ಹಿಡಿದು ಮುಂದಾದ, ನಾವು ದಪ್ಪ ಅಟ್ಟೆಯ ರಬ್ಬರ್ ಪಾದರಕ್ಷೆ ತೊಟ್ಟು ಹಿಂದೆ ನಡೆದೆವು. ಹಿಂದಿನ ಸಂಜೆ ಅಲೆ ಒಡೆಯುತ್ತಿದ್ದ ಮೂಡಣ ದಂಡೆ ಈಗ ಬಯಲಾಗಿತ್ತು. ನೆಲವೆಲ್ಲ ಕಂದುಬಣ್ಣದ ಒರಟು ಚಪ್ಪಡಿ, ನಡುನಡುವೆ ಅಂಗೈಯಗಲದಿಂದ ಕೋಣೆಯಗಲದವರೆಗಿನ ನೀರಿನ ಗುಂಡಿಗಳು. ಸತ್ತ ಹವಳದ ಚಪ್ಪಡಿಯ ಮೇಲೆ ಮಾತ್ರ ಕಾಲಿಡಬೇಕು, ಗುಂಡಿಯೊಳಗಿನ ಜೀವಂತ ಹವಳವನ್ನು ಮುಟ್ಟಬಾರದು ಎಂದು ಅವನು ಎರಡು ಸಲ ಹೇಳಿದ.

ಒಂದು ಗುಂಡಿಯ ಬಳಿ ಕುಕ್ಕರಗಾಲಿನಲ್ಲಿ ಅರ್ಧ ಗಂಟೆ ಕೂತೆ. ಕೈಬೆರಳಿನಷ್ಟು ನೀಲಿ ಮೀನೊಂದು ತನ್ನ ಕವಲು ಹವಳದ ಸುತ್ತ ಸುತ್ತುತ್ತ, ನನ್ನ ನೆರಳು ಬಿದ್ದಾಗ ಒಳಗೆ ನುಗ್ಗಿ, ನೆರಳು ಕದಲದಿದ್ದಾಗ ಮತ್ತೆ ಹೊರಗಿಣುಕುತ್ತಿತ್ತು. ತಳದಲ್ಲಿ ಸೌತೆಕಾಯಿಯ ಗಾತ್ರದ ಕಪ್ಪು ಕಡಲಸೌತೆ ಒಂದು ತುದಿಯಿಂದ ಮರಳು ನುಂಗಿ ಇನ್ನೊಂದು ತುದಿಯಿಂದ ಶುದ್ಧ ಮರಳನ್ನು ಬಿಡುತ್ತಿತ್ತು. ಮಿತಿಮೀರಿ ಹಿಡಿಯುತ್ತಿದ್ದುದರಿಂದ 2001ರಿಂದ ಅದಕ್ಕೆ ಹುಲಿಗಿರುವಷ್ಟೇ ಕಾನೂನಿನ ರಕ್ಷಣೆ ಇದೆ. ಅದೇ ಗುಂಡಿಯ ಅಂಚಿನಲ್ಲಿ ಹವಳದ ಒಂದು ಭಾಗ ಸುಣ್ಣದಂತೆ ಬಿಳಿಯಾಗಿತ್ತು. ನೀರು ಹೆಚ್ಚು ದಿನ ಬಿಸಿಯಾಗಿಯೇ ಉಳಿದರೆ ಹವಳದ ಜೀವಿ ತನ್ನೊಳಗಿದ್ದು ಆಹಾರ ಮಾಡಿಕೊಡುವ ಪಾಚಿಯನ್ನು ಹೊರದೂಡುತ್ತದೆ. ಬಣ್ಣ ಹೋಗುತ್ತದೆ, ಪಾಚಿ ಮರಳದಿದ್ದರೆ ಜೀವವೂ ಹೋಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಹವಳ ಬಿಳಿಚಿತು. ನಾವು ನಿಂತ ನೆಲವೇ ಹವಳದ ಪುಡಿ; ಅಲೆಯನ್ನು ತಡೆಯುವ ಗೋಡೆಯೂ ಹವಳವೇ. ಈ ದ್ವೀಪಸಮೂಹದ ಪರಳಿ ಎಂಬಲ್ಲಿ ಜನವಸತಿಯಿಲ್ಲದ ಒಂದು ಪುಟ್ಟ ದ್ವೀಪ ಸವೆದು ಆಗಲೇ ನೀರಿನಡಿ ಸೇರಿದೆ. ಆ ಬಿಳಿ ತುಂಡನ್ನು ನೋಡುತ್ತ ಕೂತಾಗ ನನಗಾದದ್ದು ಭಯ.

ಹುಡುಗ ಅಷ್ಟರಲ್ಲಿ ‘ಅಪ್ಪಲ್’ ಹಿಡಿದಿದ್ದ. ಅಷ್ಟಪದಿಗೆ ಅಲ್ಲಿನ ಹೆಸರದು. ಪೊಟರೆಯ ಬಾಯಲ್ಲಿ ಚಿಪ್ಪಿನ ಚೂರುಗಳು ಬಿದ್ದಿದ್ದರೆ ಒಳಗೆ ಅದು ಊಟ ಮುಗಿಸಿ ಕೂತಿದೆಯೆಂದು ಅರ್ಥವಂತೆ. ನೀರು ಕಾಲ್ಬೆರಳಿಗೆ ತಾಗಿದ ಕೂಡಲೇ ಅವನು ‘ಸಾಕು’ ಎಂದು ದಡದತ್ತ ತಿರುಗಿದ. ಅವನಿಗಿಂತ ಒಂದು ನಿಮಿಷ ಹೆಚ್ಚು ನಿಲ್ಲುವ ಧೈರ್ಯ ನಮಗಿರಲಿಲ್ಲ.

ರಾತ್ರಿ ಪಡುವಣ ಖಾರಿಗೆ ಇಳಿದೆವು. ಕೈಯಾಡಿಸಿದರೆ ಬೆರಳುಗಳ ಸಂದಿನಿಂದ ನೀಲಿ ಕಿಡಿಗಳು ಎದ್ದು ಆರುತ್ತಿದ್ದವು. ಅಕ್ಕ ಮಾತನಾಡದೆ ಬಹಳ ಹೊತ್ತು ನೀರಿನಲ್ಲಿ ಕೈಯಾಡಿಸುತ್ತಲೇ ಇದ್ದಳು.

ಏಳನೆಯ ದಿನ

ಅಮಿನಿಗೆ ಹೊರಡಬೇಕಿದ್ದ ದೋಣಿ ಗಾಳಿಯೆದ್ದ ಕಾರಣ ಹೊರಡಲಿಲ್ಲ. ಧರ್ಮಪ್ರಚಾರಕ್ಕೆಂದು ಬಂದ ಉಬೈದುಲ್ಲಾ ಎಂಬ ಸಂತ ಹಡಗು ಒಡೆದು ಮೊದಲು ಕಾಲಿಟ್ಟದ್ದು ಅಮಿನಿಯಲ್ಲೇ ಎಂಬುದು ದ್ವೀಪದವರ ನಂಬಿಕೆ. ಆ ಕಥೆಯನ್ನು ಅತ್ತೆಯ ಬಾಯಿಂದ ಕೇಳಿ, ಅಮಿನಿಯನ್ನು ಬಿಟ್ಟುಕೊಟ್ಟೆವು. ಬದಲಿಗೆ ಸೈಕಲ್ ತೆಗೆದುಕೊಂಡು ಉತ್ತರದ ತುದಿಯವರೆಗೆ ಹೋಗಿಬಂದೆವು. ಎಲ್ಲಿ ನಿಂತರೂ ಎರಡು ಕಡಲ ಸದ್ದು ಕೇಳುತ್ತಿತ್ತು: ಮೂಡಲಿನಲ್ಲಿ ಅಪ್ಪಳಿಸುವುದು, ಪಡುವಲಿನಲ್ಲಿ ದೂರದ ದಂಡೆಯ ಮೇಲೆ ಉರುಳುವುದು.

ಎಂಟನೆಯ ದಿನ, ಒಂಬತ್ತನೆಯ ದಿನ

ಚೀಲ ಕಟ್ಟಿ ಕೂತಾಗ ಹಡಗು ಎರಡು ದಿನ ತಡವೆಂಬ ಸುದ್ದಿ ಬಂತು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಕಡಲಡಿಯ ಕೇಬಲ್ ಉದ್ಘಾಟನೆಯಾದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಮನೆಗೆ ಸಂದೇಶ ಕಳಿಸಿ ನಿಶ್ಚಿಂತರಾದೆವು. ಖಾಲಿ ಬಿಟ್ಟಿದ್ದ ದಿನಗಳು ಹೀಗೆ ಉಪಯೋಗಕ್ಕೆ ಬಂದವು. ನಮ್ಮ ಜೊತೆ ಹೊರಡಬೇಕಿದ್ದ ಇಬ್ಬರಿಗೆ ಮರುದಿನ ಕೊಚ್ಚಿಯಿಂದ ವಿಮಾನವಿತ್ತು. ಅವರ ಮುಖ ನೋಡಲಾಗಲಿಲ್ಲ.

ಒಂಬತ್ತನೆಯ ದಿನ ಖಾರಿಯಲ್ಲಿ ದೋಣಿ ಹಾಕಿಸಿಕೊಂಡು ಹೋದಾಗ ಹಸಿರು ಕಡಲಾಮೆಗಳನ್ನು ಕಂಡೆವು. ತಲೆ ಮೇಲೆತ್ತಿ ಒಂದು ಉಸಿರು ತೆಗೆದುಕೊಂಡು ಮತ್ತೆ ತಳಕ್ಕೆ. ತಳದ ಕಡಲಹುಲ್ಲೇ ಅವುಗಳ ಮೇವು. ಆಮೆ ಹೆಚ್ಚಾದಲ್ಲಿ ಹುಲ್ಲು ಬರಿದಾಗುತ್ತದೆ, ಹುಲ್ಲಿನಲ್ಲಿ ಬೆಳೆಯುವ ಮೀನು ಕಡಿಮೆಯಾಗುತ್ತದೆ. ಆಮೆಯೆಂದರೆ ದೋಣಿಯವರಿಗೆ ಅಷ್ಟಕ್ಕಷ್ಟೆ. ನನಗೆ ಅವರ ದೂರೂ ನ್ಯಾಯವೆನಿಸಿತು, ಆಮೆಯ ಹಸಿವೂ ನ್ಯಾಯವೆನಿಸಿತು.

ಸಂಜೆ ಅತ್ತೆ ತಾವು ಹೊಸೆದ ಹುರಿಯ ಒಂದು ಸಿಂಬಿ ಕೊಟ್ಟರು. ಹಣ ಚಾಚಿದರೆ ಕೈ ಹಿಂದಕ್ಕೆಳೆದುಕೊಂಡರು. ಬಹಳ ಒತ್ತಾಯಿಸಿದ ಮೇಲೆ, ಮಂಗಳೂರು ಸೌತೆಯ ಬೀಜ ಸಿಕ್ಕರೆ ಕಳಿಸು, ಅಂದರು.

ಹತ್ತನೆಯ ದಿನ ಹಡಗು, ಹನ್ನೊಂದನೆಯ ದಿನ ಕೊಚ್ಚಿ, ಮರುಬೆಳಗು ಮಂಗಳೂರು.

ಅದರ ಮುಂದಿನ ವಾರ ಬಂದರಿಗೆ ಹೋದೆ. ದ್ವೀಪಗಳಿಗೆ ಸರಕು ಒಯ್ಯುವ ಮಂಜಿಗಳು ಇಂದಿಗೂ ಅಲ್ಲಿಂದ ಹೊರಡುತ್ತವೆ. ಧಕ್ಕೆಯಲ್ಲಿ ಸಿಮೆಂಟ್, ಜಲ್ಲಿ, ಈರುಳ್ಳಿ ಚೀಲಗಳು ಒಟ್ಟಿದ್ದವು. ಕಡಮತ್‌ಗೆ ಹೋಗುವ ಮಂಜಿ ಯಾವುದೆಂದು ವಿಚಾರಿಸಿ, 25 ಕಿಲೋ ಕುಚ್ಚಲಕ್ಕಿಯ ಚೀಲವೊಂದನ್ನೂ, ಸೌತೆಬೀಜದ ಪೊಟ್ಟಣವನ್ನೂ ಅತ್ತೆಯ ಹೆಸರು ಬರೆದು ಒಪ್ಪಿಸಿದೆ. ಚೀಲದ ಬಾಯನ್ನು ಅವರದೇ ಹುರಿಯಿಂದ ಕಟ್ಟಿದ್ದೆ. ಲೆಕ್ಕ ಬರೆಯುತ್ತಿದ್ದ ಹುಡುಗ ಗಂಟನ್ನು ಒಮ್ಮೆ ಎಳೆದು ನೋಡಿ, ಚೀಲದ ಮೇಲೆ ಸುಣ್ಣದ ಕಡ್ಡಿಯಿಂದ ನಂಬರು ಹಾಕಿದ.